ಹಳೆಯ ವಿನೋದ ಧಾರಾವಾಹಿಗಳೂ ಹೊಸ ಪ್ರೇಕ್ಷಕರೂ

ನವರಸಗಳಲ್ಲಿ ಬೇಗನೆ ಹಳಸುವ ರಸ ಯಾವದೆಂದು ಕೇಳಿದರೆ ಹಾಸ್ಯವೆಂದೇ ಹೇಳಬೇಕಾಗುವದು. ಶೋಕದ ಕಾರಣಗಳು ಸಾವಿರ ವರುಷಗಳಲ್ಲಿ ಹೆಚ್ಚಾಗಿ ಬದಲಾಗಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಅಳುವಿಗೆ ಯಾವ ಕಾಲದಲ್ಲಿಯೂ ಟೀಕು ಟಿಪ್ಪಣಿ ಬೇಕಾಗುವದಿಲ್ಲ. ಆದರೆ ನಗೆಗೆ ಕಾಲದೇಶಗಳ ಹಂಗು ಬಹಳ. ನಿನ್ನೆಯ ಚಟಾಕಿಗೆ ಇಂದು ಅರ್ಥ ಬಿಡಿಸಿ ಹೇಳುವ ಪ್ರಸಂಗ ಬಂದರೆ ಆ ಚಟಾಕಿ ಅಲ್ಲಿಗೇ ಸತ್ತಿತೆಂದು ತಿಳಿಯತಕ್ಕದ್ದು. ಹೀಗಿರಲು, ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ತಯಾರಾದ 'ಮಾಲ್ಗುಡಿ ಡೇಸ್', ಈ ಶತಮಾನದ ಮೊದಲ ದಶಕದ 'ಪಾಪ ಪಾಂಡು' ಮತ್ತು 'ಸಿಲ್ಲಿ ಲಲ್ಲಿ' ಇವುಗಳನ್ನು, ಅವುಗಳ ಮೊದಲ ಪ್ರಸಾರವೆಲ್ಲ ಮುಗಿದ ಮೇಲೆ ಹುಟ್ಟಿದ ಹುಡುಗರು ನೋಡಿ ನಗುತ್ತಿರುವದು ವಿಮರ್ಶೆಗೆ ಒಂದು ಸಮಸ್ಯೆಯೇ ಸರಿ. ನಾವು ಪ್ರಾಥಮಿಕ ಸಾಲೆಯಲ್ಲಿ ಕಲಿಸುವವರು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಅಣಕಿಸುವ ಮಾತುಗಳಲ್ಲಿ ಈ ಧಾರಾವಾಹಿಗಳ ಪ್ರತಿಧ್ವನಿಯನ್ನು ಕೇಳುತ್ತಿರುತ್ತೇವೆ. ಪಠ್ಯಪುಸ್ತಕದ ಪದ್ಯವನ್ನು ಹತ್ತು ಸಲ ಹೇಳಿಸಿದರೂ ಬಾರದ ಲಯ, ಈ ಅಣಕದಲ್ಲಿ ತಾನಾಗಿ ಬರುವದನ್ನು ಕಂಡಾಗ, ಇದರ ಗುಟ್ಟೇನೆಂದು ವಿಚಾರ ಮಾಡಬೇಕೆನಿಸುವದು ಸ್ವಾಭಾವಿಕ.

ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಉತ್ತರವೊಂದಿದೆ. ಹಳೆಯದರ ನೆನಪು ಸಿಹಿ, ಅದಕ್ಕಾಗಿಯೇ ಜನ ಮತ್ತೆ ಮತ್ತೆ ನೋಡುತ್ತಾರೆ ಎಂಬದು ಆ ಉತ್ತರ. ನಾಲ್ವತ್ತು ದಾಟಿದವರ ಮಟ್ಟಿಗೆ ಇದು ಒಪ್ಪಬಹುದಾದ ಮಾತು. ೨೦೨೦ರ ಮಾರ್ಚ್ ತಿಂಗಳ ಕೊನೆಯಲ್ಲಿ, ಮಹಾಮಾರಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡು ಕುಳಿತಾಗ, ದೂರದರ್ಶನವು ರಾಮಾಯಣದ ಜೊತೆಗೆ ೧೯೯೩ರ 'ದೇಖ್ ಭಾಯೀ ದೇಖ್' ಎಂಬ ಹಿಂದಿ ವಿನೋದ ಧಾರಾವಾಹಿಯನ್ನೂ ಮರುಪ್ರಸಾರ ಮಾಡಿತು. ಆಗ ಹಿರಿಯರು ಆ ಪರದೆಯಲ್ಲಿ ತಮ್ಮ ತಾರುಣ್ಯವನ್ನೇ ನೋಡಿಕೊಂಡರು. ಆದರೆ ಅದೇ ಪಡಸಾಲೆಯಲ್ಲಿ ಅವರ ಮಗ್ಗುಲಿಗೆ ಕುಳಿತ ಮಕ್ಕಳು ಏನನ್ನು ನೋಡಿದರು? ತಾವು ಕಾಣದ ಕಾಲವನ್ನು ನೆನೆಸಿಕೊಳ್ಳುವದು ಯಾರಿಗೂ ಸಾಧ್ಯವಿಲ್ಲ. ನೆನಪಿಲ್ಲದವನ ನಗೆಗೆ ನೆನಪು ಕಾರಣವಾಗಲಾರದು. ಆದುದರಿಂದ ಕಾರಣವನ್ನು ನೋಡುವವನ ಪೂರ್ವಸ್ಮೃತಿಯಲ್ಲಿ ಹುಡುಕದೆ ಕೃತಿಯ ಒಳಗೇ ಹುಡುಕಬೇಕು.

ಮೊದಲು ಈ ಪ್ರಕಾರದ ಲಕ್ಷಣವನ್ನು ಸಂಕ್ಷೇಪವಾಗಿ ಹೇಳುವೆವು. ಒಂದು ಮನೆ ಅಥವಾ ಒಂದು ಓಣಿ. ಅಲ್ಲಿ ನಾಲ್ಕೆಂಟು ಜನ. ಅವರವರ ಸ್ವಭಾವ ಮೊದಲೇ ನಿಶ್ಚಿತ. ಪ್ರತಿಯೊಂದು ಕಂತಿನಲ್ಲಿ ಒಂದು ಗಂಟು ಬಿದ್ದು, ಕಂತು ಮುಗಿಯುವದರೊಳಗೆ ಅದು ಬಿಚ್ಚಿಕೊಂಡು, ಮನೆ ಮೊದಲಿನಂತೆಯೇ ನಿಲ್ಲುವದು. ಅಮೇರಿಕೆಯಲ್ಲಿ ೧೯೫೧ರಲ್ಲಿ ಆರಂಭವಾದ ಲೂಸಿಲ್ ಬಾಲ್ ಅವರ 'ಐ ಲವ್ ಲೂಸಿ' ಈ ಪ್ರಕಾರಕ್ಕೆ ಮೇಲ್ಪಂಕ್ತಿಯಾಯಿತು. ಅದನ್ನು ಪ್ರೇಕ್ಷಕರ ಸಮಕ್ಷಮದಲ್ಲಿ ಆಡಿ, ಮೂರು ಕ್ಯಾಮರಾಗಳಿಂದ ಫಿಲ್ಮಿನ ಮೇಲೆ ಹಿಡಿದಿಟ್ಟದ್ದರಿಂದ ಅದು ಉಳಿಯಿತು; ಉಳಿದದ್ದರಿಂದ ಮರುಪ್ರಸಾರವಾಯಿತು; ಮರುಪ್ರಸಾರದಿಂದ ಹೊಸ ತಲೆಮಾರುಗಳನ್ನು ಸಂಪಾದಿಸಿತು. ನಮ್ಮ ದೇಶದಲ್ಲಿ ೧೯೮೪ರಲ್ಲಿ, ಶರದ ಜೋಶಿಯವರ ಬರವಣಿಗೆಯಲ್ಲಿ, 'ಯೇ ಜೋ ಹೈ ಜಿಂದಗೀ' ಬಂದಿತು. ಕನ್ನಡದಲ್ಲಿ ದೂರದರ್ಶನದ ಆದಿಕಾಲದ 'ಸಿಹಿ ಕಹಿ', ರಮೇಶ ಭಟ್ಟರ 'ಕ್ರೇಜಿ ಕರ್ನಲ್' ಇವು ಮೊದಲ ಫಲಗಳು. 'ಸಿಹಿ ಕಹಿ'ಯಲ್ಲಿ ನಟಿಸಿದ ಚಂದ್ರು ಅವರಿಗೆ ಆ ಧಾರಾವಾಹಿಯ ಹೆಸರು ಮನೆತನದ ಹೆಸರಿನಂತೆ ಅಂಟಿಕೊಂಡಿತೆಂಬುದರಿಂದಲೇ ಅದರ ಪ್ರಭಾವವನ್ನು ಊಹಿಸಬಹುದು. ೨೦೦೦ದಲ್ಲಿ ಈಟಿವಿ ಕನ್ನಡ ವಾಹಿನಿ ಪ್ರಾರಂಭವಾದ ಬಳಿಕ ಅದೇ ಚಂದ್ರು ಅವರ 'ಪಾಪ ಪಾಂಡು', ವಿಜಯಪ್ರಸಾದರ 'ಸಿಲ್ಲಿ ಲಲ್ಲಿ' ಇವು ಮನೆಮನೆಯನ್ನು ತಲುಪಿದವು. ಆ ವಾಹಿನಿ ೨೦೧೫ರಲ್ಲಿ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿತು; ಪಾಂಡುವಿನ ಹೆಸರು ಮಾತ್ರ ಬದಲಾಗಲಿಲ್ಲ. ೨೦೧೮ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಅವನು ಮತ್ತೊಮ್ಮೆ ಹೊಸದಾಗಿ ಬಂದನು. 'ಮಾಲ್ಗುಡಿ ಡೇಸ್' ಶಾಸ್ತ್ರದ ಪ್ರಕಾರ ಈ ಜಾತಿಗೆ ಸೇರಿದ್ದಲ್ಲ, ಬಿಡಿ ಕಥೆಗಳ ಮಾಲೆ; ಆದರೆ ಒಂದು ಊರು, ಪರಿಚಿತ ಮುಖಗಳು, ಕಂತಿಗೊಂದು ಗಂಟು ಎಂಬ ಮೂರು ಗುಣಗಳಿಂದ ಅದನ್ನು ಇವುಗಳ ಪಂಕ್ತಿಯಲ್ಲಿ ಕೂಡ್ರಿಸಲು ಅಡ್ಡಿಯಿಲ್ಲ.

ಇನ್ನು ಕಾರಣಗಳಿಗೆ ಬರೋಣ. ತಿಳಿದ ಕಥೆಯನ್ನೇ ಮತ್ತೆ ನೋಡುವದರಲ್ಲಿ ಏನು ಸುಖವೆಂದು ಕೇಳುವವರು ನಮ್ಮ ಭಾಗದ 'ಶ್ರೀಕೃಷ್ಣ ಪಾರಿಜಾತ'ವನ್ನು ನೆನೆಯಬೇಕು. ಕುಲಗೋಡ ತಮ್ಮಣ್ಣನ ಈ ಆಟವನ್ನು ಗೋಕಾಕ, ಅಥಣಿ, ಜಮಖಂಡಿಗಳ ಕಡೆಯ ಜನ ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದರಿಂದಲೇ ಹೆಸರಾದವಳು. ರುಕ್ಮಿಣಿಗೆ ಹೂವು ಹೋದೀತು, ಸತ್ಯಭಾಮೆ ಮುನಿದಾಳು, ಕೃಷ್ಣ ಪೇಚಿಗೆ ಬಿದ್ದಾನು ಎಂಬದು ಕಟ್ಟೆಯ ಮೇಲೆ ಕುಳಿತ ಪೋರನಿಗೂ ಗೊತ್ತು. ಹಾಗಿದ್ದೂ ಇಡಿಯ ರಾತ್ರಿ ಜನ ನಕ್ಕರು. ಮುಂದೇನಾಗುವದೆಂಬ ಕುತೂಹಲದಿಂದ ಅವರು ನಕ್ಕದ್ದಲ್ಲ. ಗೊತ್ತಿದ್ದದ್ದು ಈ ಸಲ ಹೇಗಾಗುವದೆಂಬ ನಿರೀಕ್ಷೆಯಿಂದ ನಕ್ಕರು. ಎರಡು ಹೆಂಡಿರ ನಡುವೆ ಸಿಕ್ಕ ದೇವರನ್ನು ನೋಡಿ ನಕ್ಕವರ ಮೊಮ್ಮಕ್ಕಳು, ಒಬ್ಬಳೇ ಹೆಂಡತಿಯ ಎದುರಿಗೆ ನಡುಗುವ ಪಾಂಡುವನ್ನು ನೋಡಿ ನಗುತ್ತಾರೆ. ರಸದಲ್ಲಿ ಭೇದವಿಲ್ಲ.

ಸಾಂಗಲಿಯ ರಂಗಭೂಮಿಯೂ ಇದೇ ಸಾಕ್ಷ್ಯವನ್ನು ಹೇಳುತ್ತದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದವರು ಸಾಂಗಲಿಗೆ ಬಂದು ಆಡಿದ ಆಟವನ್ನು ಕಂಡ ಚಿಂತಾಮಣರಾವ ಪಟವರ್ಧನ ಮಹಾರಾಜರ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ 'ಸೀತಾಸ್ವಯಂವರ'ವನ್ನು ಆಡಿಸಿದರು. ಮರಾಠೀ ರಂಗಭೂಮಿಯ ಜನ್ಮದಿನವೆಂದು ಅದನ್ನು ಎಣಿಸುತ್ತಾರೆ. ಕನ್ನಡದ ಬೀಜ ಮರಾಠೀ ನೆಲದಲ್ಲಿ ಹೀಗೆ ಮರವಾಯಿತು. ಆ ಮರದ ನೆರಳಿನಲ್ಲಿಯೇ, ಸಾಂಗಲಿಗೆ ಹತ್ತಿರದ ಹರಿಪುರದಲ್ಲಿ ಹುಟ್ಟಿದ ಗೋವಿಂದ ಬಲ್ಲಾಳ ದೇವಲರು ಫ್ರೆಂಚ್ ನಾಟಕಕಾರ ಮೋಲಿಯೇರನ ಒಂದು ಪ್ರಹಸನದ ಎಳೆಯನ್ನು ಹಿಡಿದು 'ಸಂಶಯಕಲ್ಲೋಳ'ವನ್ನು ಹೆಣೆದರು. ೧೯೧೬ರಲ್ಲಿ ರಂಗಕ್ಕೆ ಬಂದ ಆ ಸಂಗೀತನಾಟಕಕ್ಕೆ ನೂರು ವರುಷ ತುಂಬಿದ ಮೇಲೂ ಮರಾಠಿಗರು ನಗುತ್ತಾರೆ. ಪ್ಯಾರಿಸಿನ ಸಂಶಯಪಿಶಾಚಿ ಗಂಡ ಮಹಾರಾಷ್ಟ್ರದ ಫಾಲ್ಗುಣರಾವನಾದಾಗ ಕಥೆಯೇನೂ ಬದಲಾಗಲಿಲ್ಲ. ಬದಲಾದದ್ದು ಮನೆ ಮತ್ತು ಮಾತು. ಮೋಲಿಯೇರನ ಮೂಲ ಇಲ್ಲಿಯ ಸಾಮಾನ್ಯರಿಗೆ ತಿಳಿಯದು, ಆದರೆ ಫಾಲ್ಗುಣರಾವನನ್ನು ಎಲ್ಲರೂ ಬಲ್ಲರು. ಹಾಸ್ಯವನ್ನು ಬಹುಕಾಲ ಉಳಿಸುವ ಶಕ್ತಿ ಒಂದು ಮನೆಯ ಮಾತಿನ ಸತ್ಯದಲ್ಲಿದೆ, ಬರಿಯ ಚಟಾಕಿಯಲ್ಲಿಲ್ಲ ಎಂಬದು ನಮ್ಮ ಅಭಿಪ್ರಾಯ. ಈ ಒರೆಗಲ್ಲಿಗೆ ಹಚ್ಚಿ ನಮ್ಮ ಧಾರಾವಾಹಿಗಳನ್ನು ಪರೀಕ್ಷಿಸೋಣ.

ಭರತಮುನಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಸ್ಮಿತ ಹಸಿತಗಳು ಉತ್ತಮರಿಗೆ, ವಿಹಸಿತ ಉಪಹಸಿತಗಳು ಮಧ್ಯಮರಿಗೆ, ಅಪಹಸಿತ ಅತಿಹಸಿತಗಳು ಅಧಮರಿಗೆ. ಕೆನ್ನೆ ತುಸುವೇ ಅರಳಿ, ಹಲ್ಲು ಕಾಣದೆ ಇರುವ ನಗೆ ಸ್ಮಿತ. ಶಂಕರನಾಗರ 'ಮಾಲ್ಗುಡಿ ಡೇಸ್' ಆದ್ಯಂತವಾಗಿ ಸ್ಮಿತದ ಕೃತಿ. ಆರ್. ಕೆ. ನಾರಾಯಣರ ಕಥೆಗಳು, ಅವರ ತಮ್ಮ ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ನರ ಸಂಗೀತ, ಆಗುಂಬೆಯ ಮಳೆ ನೆನೆಸಿದ ಬೀದಿ, ಇವೆಲ್ಲ ಕೂಡಿ ಒಂದು ಇಲ್ಲದ ಊರನ್ನು ಇದ್ದಂತೆ ಮಾಡಿದವು. ಹುಲಿಯನ್ನು ಎದುರಿಸಿದ ಹುಡುಗನ ಸುದ್ದಿಯನ್ನು ಓದಿದ ತಂದೆ ಸ್ವಾಮಿಗೆ ಒಬ್ಬನೇ ಮಲಗುವ ಪಂಥ ಹಾಕುತ್ತಾನೆ. ಹೆದರಿ ಬೆಂಚಿನ ಕೆಳಗೆ ಅಡಗಿದ ಹುಡುಗ, ಕತ್ತಲಲ್ಲಿ ಬಂದದ್ದು ಭೂತವೆಂದೇ ತಿಳಿದು ಕಳ್ಳನ ಕಾಲನ್ನು ಕಚ್ಚುತ್ತಾನೆ, ಊರಿಗೆಲ್ಲ ವೀರನಾಗುತ್ತಾನೆ. ಮರುರಾತ್ರಿ ಈ ವೀರ ಮತ್ತೆ ಅಜ್ಜಿಯ ಮಗ್ಗುಲಿಗೇ ಹೋಗಿ ಮಲಗುತ್ತಾನೆ. ಇಲ್ಲಿ ನಗೆಯ ಗುರಿ ಹುಡುಗನ ಹೇಡಿತನವಲ್ಲ. ಹೊಗಳುವ ಊರು, ಪಂಥ ಹಾಕಿದ ತಂದೆ, ಬೆದರಿದ ಮಗ, ಎಲ್ಲರೂ ನಗೆಗೆ ಪಾತ್ರರು. ಆದರೆ ಯಾರೂ ಅವಮಾನಿತರಲ್ಲ. ಕತ್ತಲೆಗೆ ಹೆದರುವ ಹುಡುಗನಿಗೆ ಇದರಷ್ಟು ದೊಡ್ಡ ಸಮಾಧಾನ ಮತ್ತೊಂದಿಲ್ಲ. ಅದಕ್ಕಾಗಿಯೇ ಅವನು ತಿರುಗಿ ತಿರುಗಿ ಈ ಕಂತನ್ನು ನೋಡುತ್ತಾನೆ.

ಅಂಚೆಯವ ತಾಣಪ್ಪನ ಕಂತು ಇನ್ನೂ ಒಂದು ಮೆಟ್ಟಿಲು ಮೇಲೆ ನಿಲ್ಲುವದು. ಓಣಿಯವರೆಲ್ಲರ ಸುಖದುಃಖಗಳಲ್ಲಿ ಮೂಗು ತೂರಿಸುವ ಈ ವಾಚಾಳಿ ಅಂಚೆಯವ ಮೊದಲಿಗೆ ನಗೆಯ ವಸ್ತು. ಆದರೆ ಮದುವೆ ನಿಲ್ಲಬಾರದೆಂದು ಅವನು ಸಾವಿನ ಸುದ್ದಿಯನ್ನು ತನ್ನ ಚೀಲದಲ್ಲಿಯೇ ಇಟ್ಟುಕೊಂಡನೆಂದು ತಿಳಿದ ಕ್ಷಣದಲ್ಲಿ, ನಾವು ಅದುವರೆಗೆ ನಕ್ಕ ಗುಣವೇ ಅವನ ದೊಡ್ಡತನವೆಂದು ಹೊಳೆಯುವದು. ನಾಲ್ವತ್ತೈದು ರೂಪಾಯಿ ಸಂಬಳದ ಗುಮಾಸ್ತೆ ವೆಂಕಟರಾಯನ ಕಥೆಯಲ್ಲಿ ಇದೇ ದಾರಿ ತಿರುವುಮುರುವಾಗಿದೆ. ಮಗಳನ್ನು ಸಿನೆಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟವನು, ರಾಜೀನಾಮೆ ಬರೆದುಕೊಂಡು ಹೋದವನು, ಐದು ರೂಪಾಯಿ ಬಡತಿಗೆ ತಣ್ಣಗಾಗಿ ಮರಳಿ ಬರುವಷ್ಟರಲ್ಲಿ ಮಗು ಮಲಗಿಬಿಟ್ಟಿದೆ. ಇದನ್ನು ನೋಡಿ ತುಟಿ ನಗಬೇಕೋ ಕಣ್ಣು ಒದ್ದೆಯಾಗಬೇಕೋ ತಿಳಿಯದು. ಕಾರಖಾನೆಯ ಪಾಳಿ ಮುಗಿಸಿ ರಾತ್ರಿ ತಡವಾಗಿ ಬರುವ ತಂದೆಯುಳ್ಳ ಇಂದಿನ ಮಗುವಿಗೆ ಈ ಕಥೆ ಹಳೆಯದೆಂದು ಯಾರು ಹೇಳುವರು? ವೇಷಭೂಷಣ ಹಳೆಯದು; ಕಾಯುವಿಕೆ ಹಳೆಯದಲ್ಲ.

ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಬೇಕು. ಈ ಮಾಲೆಯಲ್ಲಿ ಎಲ್ಲಿಯೂ ಅವಸರವಿಲ್ಲ. ಪಾತ್ರವೊಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದುಹೋಗುವವರೆಗೆ ಕ್ಯಾಮರಾ ಕಾಯುವದು. ಇಲ್ಲಿ ನಗಬೇಕೆಂದು ಸೂಚಿಸುವ ಯಂತ್ರದ ನಗೆಯೂ ಇಲ್ಲ. ನಗುವ ಅಥವಾ ನಗದಿರುವ ಸ್ವಾತಂತ್ರ್ಯವನ್ನು ನೋಡುವವನಿಗೇ ಬಿಟ್ಟಿದೆ. ಇಂದಿನ ಮಕ್ಕಳಿಗೆ ತಾಳ್ಮೆಯಿಲ್ಲ, ನಿಧಾನವಾದದ್ದು ಅವರಿಗೆ ಸೇರದು ಎಂಬ ಮಾತನ್ನು ಸಭೆಗಳಲ್ಲಿ ಕೇಳುತ್ತೇವೆ. ನಮ್ಮ ಅನುಭವ ಬೇರೆ. ಎಲ್ಲರೂ ಅವಸರದಲ್ಲಿರುವ ಲೋಕದಲ್ಲಿ ತಮಗಾಗಿ ಕಾಯುವ ಕೃತಿಯನ್ನು ಮಕ್ಕಳು ಬೇಗನೆ ಗುರುತಿಸುತ್ತಾರೆ.

ಹೀಗೆ ಹೊಗಳಿದ ಮೇಲೆ ಒಂದು ಕೊರಗನ್ನು ಹೇಳದೆ ನಿರ್ವಾಹವಿಲ್ಲ. ಕನ್ನಡದ ನಿರ್ದೇಶಕ, ಕನ್ನಡ ನೆಲದ ಊರು, ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಅನಂತನಾಗ, ಮಾಸ್ಟರ್ ಮಂಜುನಾಥ ಮುಂತಾದ ನಟವರ್ಗ, ಇಷ್ಟೆಲ್ಲ ಇದ್ದೂ ಆ ಊರು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಮಾತನಾಡಿತು. ಅಖಿಲ ಭಾರತದ ಪ್ರಸಾರಕ್ಕೆ ಅದು ಅನಿವಾರ್ಯವಾಗಿದ್ದಿತೆಂಬುದನ್ನು ಬಲ್ಲೆವು. ಆದರೂ ನಮ್ಮ ಒರೆಗಲ್ಲಿನ ಎರಡು ಅಂಶಗಳಲ್ಲಿ ಮನೆ ಪೂರ್ಣವಾಗಿ ಸಿಕ್ಕಿತು, ಮಾತು ಸಿಗಲಿಲ್ಲ. ಸ್ವಾಮಿಯ ಅಜ್ಜಿ ಅವನನ್ನು ಹೇಗೆ ಕರೆದಾಳು, ತಾಣಪ್ಪ ಯಾವ ಕನ್ನಡದಲ್ಲಿ ಕಾಗದವನ್ನು ಓದಿ ಹೇಳ್ಯಾನು ಎಂಬದನ್ನು ನಾವು ಕಲ್ಪಿಸಿಕೊಳ್ಳಬೇಕು. ೧೯೯೦ರಲ್ಲಿ ಅಕಾಲಮರಣ ಹೊಂದಿದ ಶಂಕರನಾಗರಿಗೆ ಆ ಊರನ್ನು ಕನ್ನಡದಲ್ಲಿ ಮತ್ತೆ ಕಟ್ಟುವ ಅವಕಾಶ ಬರಲಿಲ್ಲ.

'ಪಾಪ ಪಾಂಡು' ಮತ್ತು 'ಸಿಲ್ಲಿ ಲಲ್ಲಿ'ಗಳಲ್ಲಿ ಇದರ ವಿಪರೀತವನ್ನು ಕಾಣುವೆವು. ಮನೆ ರಂಗಸಜ್ಜಿಕೆಯಷ್ಟೇ ತೆಳುವು; ಮಾತು ಮಾತ್ರ ಗಟ್ಟಿ. ಚಿದಾನಂದರ ಪಾಂಡು, ಶಾಲಿನಿಯವರ ಶ್ರೀಮತಿ, ರವಿಶಂಕರ ಗೌಡರ ಡಾಕ್ಟರ್ ವಿಠಲರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ ಇವರು ವ್ಯಕ್ತಿಗಳೆನ್ನುವದಕ್ಕಿಂತ ಬಗೆಗಳು. ಇವರಿಗೆ ಬೆಳವಣಿಗೆಯಿಲ್ಲ, ಇರಲೂ ಕೂಡದು. ಲಲಿತಾಂಬ ಒಂದು ದಿನ ನಿಜವಾಗಿ ಸಮಾಜಸೇವೆಗೆ ತೊಡಗಿದರೆ ಧಾರಾವಾಹಿಯೇ ಮುಗಿಯುವದು. ಈ ಹಾಸ್ಯಕ್ಕೂ ಕನ್ನಡದಲ್ಲಿ ವಂಶಾವಳಿಯಿದೆ. ಕೈಲಾಸಂ ಅವರು 'ಅಮ್ಮಾವ್ರ ಗಂಡ' ಎಂದು ನಾಟಕಕ್ಕೆ ಹೆಸರಿಟ್ಟಾಗಲೇ ಪಾಂಡುವಿನ ಪೂರ್ವಜ ರಂಗವನ್ನೇರಿದ್ದನು. ಬಡಾಯಿಯ ಮಾತು, ಅಪಾರ್ಥದ ಸರಪಳಿ, ಒಂದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಆಡುವ ಚಮತ್ಕಾರ, ಇವು ಬೆಂಗಳೂರು ಮೈಸೂರುಗಳ ಮಧ್ಯಮ ವರ್ಗದ ಮನೆಯ ಮಾತಿನಿಂದಲೇ ಎತ್ತಿದವು, ಆದುದರಿಂದ ಜೀವಂತವಾಗಿವೆ. ಮಕ್ಕಳು ಅಣಕಿಸುವದು ಕಥೆಯನ್ನಲ್ಲ, ಈ ರಾಗವನ್ನು. ದಿನಂಪ್ರತಿ ಪ್ರಸಾರವಾಗುವ ಕೌಟುಂಬಿಕ ಧಾರಾವಾಹಿಗಳಲ್ಲಿ ಅತ್ತೆ ವಿಷವಿಕ್ಕುವಳು, ಸೊಸೆ ಕಣ್ಣೀರಿಡುವಳು, ನೂರು ಕಂತು ಕಳೆದರೂ ಗಂಟು ಬಿಚ್ಚದು. ಅವುಗಳೆದುರಿಗೆ ಅರ್ಧ ಗಂಟೆಯೊಳಗೆ ಜಗಳವಾಡಿ, ಜಗಳ ಮರೆತು, ಕೂಡಿಯೇ ಇರುವ ಈ ಮನೆಗಳು ಮಗುವಿನ ಮನಸ್ಸಿಗೆ ಎಷ್ಟು ಹಗುರ! ಮನೆಯಲ್ಲಿ ಏರಿದ ದನಿಯನ್ನು ಕೇಳಿ ಹೆದರುವ ಮಗುವಿಗೆ, ಜಗಳವಾದರೂ ಮನೆ ಒಡೆಯದು ಎಂಬ ಭರವಸೆ ಸಣ್ಣದಲ್ಲ.

ಆದರೆ ಗುಣದ ಜೊತೆಗೆ ದೋಷವನ್ನು ಹೇಳದಿರುವದು ವಿಮರ್ಶೆಯಲ್ಲ, ಭಟ್ಟಂಗಿತನ. ಪಾಂಡು ಹೆಂಡತಿಯಿಂದ ಪೆಟ್ಟು ತಿನ್ನುವದು ಮೊದಲ ಸಲ ವಿಹಸಿತ, ಹತ್ತನೆಯ ಸಲ ಅಪಹಸಿತ. ಗಂಡ ಹೊಡೆದರೆ ಅದು ನಗೆಯಲ್ಲವೆಂದು ತಿಳಿದ ನಾವು, ಹೆಂಡತಿ ಹೊಡೆದರೆ ಏಕೆ ನಗುತ್ತೇವೆ? ಹೆಣ್ಣಿನ ಕೈಯಲ್ಲಿ ಅಧಿಕಾರವಿರುವದೇ ಅಸಂಭವವೆಂಬ ಹಳೆಯ ನಂಬಿಕೆ ಆ ನಗೆಯ ಬುಡದಲ್ಲಿದೆ. ಇಂದಿನ ಹುಡುಗಿಯರು ಇದನ್ನು ನೋಡಿ ನಗುವಾಗಲೂ ಈ ನಂಬಿಕೆಯನ್ನು ಪ್ರಶ್ನಿಸುವಷ್ಟು ಜಾಣರಾಗಿದ್ದಾರೆಂಬದು ಸಂತೋಷದ ಸಂಗತಿ.

ಎರಡನೆಯ ದೋಷ ನಮಗೆ ಹೆಚ್ಚು ಹತ್ತಿರದ್ದು. ಕನ್ನಡ ಚಲಚ್ಚಿತ್ರಗಳಲ್ಲಿಯೂ ಧಾರಾವಾಹಿಗಳಲ್ಲಿಯೂ ಉತ್ತರದ ಕಡೆಯ ಮಾತನ್ನು ಆಳಿನ ಬಾಯಿಗೋ, ಪೇಟೆಗೆ ಬಂದು ಬೆಪ್ಪಾದ ಹಳ್ಳಿಗನ ಬಾಯಿಗೋ ಹಾಕುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಅವನು ಬಾಯಿ ತೆರೆದನೆಂದರೆ ಸಾಕು, ಏನು ಹೇಳಿದನೆಂಬದಕ್ಕಿಂತ ಮೊದಲೇ ನಗೆ. ಧಾರವಾಡ, ವಿಜಾಪುರಗಳವರು ಇದನ್ನು ತಮ್ಮ ಸಾಹಿತ್ಯದ ಬಲದಿಂದ ಸಹಿಸಿಕೊಂಡಾರು. ಬೇಂದ್ರೆಯವರ ಊರಿನ ಮಾತಿಗೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ. ಆದರೆ ಗಡಿಯಲ್ಲಿರುವ ನಮ್ಮ ಮಕ್ಕಳ ಸ್ಥಿತಿ ಬೇರೆ.

ಈ ಸ್ಥಿತಿಯನ್ನು ತುಸು ವಿವರಿಸಬೇಕು. ಮಿರಜ ತಾಲೂಕಿನ ನಮ್ಮ ಖಂಡೇರಾಜುರಿಯಂಥ ಊರಿನಲ್ಲಿ ಬೀದಿಯ ಮಾತು ಮರಾಠಿ. ಕೆಲವು ಮನೆಗಳ ಒಳಮಾತು ಕನ್ನಡ. ಜತ್ತ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಸಾಲೆಗಳಿವೆ. ಕಾಗವಾಡ, ಅಥಣಿಗಳು ಗಡಿಯ ಆಚೆಗೆ ಕೂಗಳತೆಯಲ್ಲಿವೆ. ಇಲ್ಲಿಯ ಕನ್ನಡ ಮಗು ಎರಡು ಕನ್ನಡಗಳನ್ನು ಬಲ್ಲುದು: ಅಜ್ಜಿಯ ಕನ್ನಡ ಮತ್ತು ಪುಸ್ತಕದ ಕನ್ನಡ. ಮೊದಲನೆಯದನ್ನು ಬರೆಯುವಂತಿಲ್ಲ, ಎರಡನೆಯದನ್ನು ಆಡುವಂತಿಲ್ಲ. ಸ್ನೇಹಿತರೊಡನೆ ಆಡುವ, ಕೀಟಲೆ ಮಾಡುವ, ಸುಳ್ಳು ಹೇಳಿ ಪಾರಾಗುವ ಭಾಷೆ ಮರಾಠಿಯೇ ಆಗಿದೆ. ಒಂದು ಭಾಷೆ ಬಂದಿತೆಂಬುದಕ್ಕೆ ಕೊನೆಯ ಪರೀಕ್ಷೆ ಅದರಲ್ಲಿ ನಗಲು ಬರುವದು. ಅರ್ಜಿ ಬರೆಯಲು ವ್ಯಾಕರಣ ಸಾಕು. ನಗಲು ಮಾತಿನ ಹಿಂದಿನ ಮನೆ ಗೊತ್ತಿರಬೇಕು. ಮಕ್ಕಳು ಮರಾಠಿಯಲ್ಲಿ ನಕ್ಕು ಕನ್ನಡದಲ್ಲಿ ಪರೀಕ್ಷೆ ಬರೆಯುವಂತಾದರೆ, ಕನ್ನಡ ಅವರಿಗೆ ಒಂದು ಪಾಠವಾಗಿ ಉಳಿದೀತೇ ಹೊರತು ಭಾಷೆಯಾಗಿ ಉಳಿಯಲಾರದು. ಮರಾಠಿಯ ಮೇಲೆ ನಮಗೆ ಅಸೂಯೆಯಿಲ್ಲ. ಎರಡು ಭಾಷೆಗಳಲ್ಲಿ ನಗಬಲ್ಲವನು ಇಮ್ಮಡಿ ಶ್ರೀಮಂತ. ನಮ್ಮ ಚಿಂತೆ, ಎರಡರಲ್ಲಿ ಒಂದು ನಗೆ ಬತ್ತಬಾರದೆಂಬುದಷ್ಟೆ.

ಇಂಥ ಮಗುವಿನ ಕೈಗೆ ದೂರವಾಣಿಯ ಸಣ್ಣ ಪರದೆಯಲ್ಲಿ ಲಲಿತಾಂಬ ಬಂದಳು, ಪಾಂಡು ಬಂದನು. ಕನ್ನಡದಲ್ಲಿ ಕೀಟಲೆ ಮಾಡಬಹುದು, ಬಡಾಯಿ ಕೊಚ್ಚಬಹುದು, ಮಾತು ತಿರುಚಬಹುದು ಎಂಬದನ್ನು ಸಾಲೆಯಲ್ಲಿ ನಾವು ಕಲಿಸಲಾರದೆ ಹೋದದ್ದನ್ನು ಅವರು ಕಲಿಸಿದರು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅದೇ ಪರದೆಯಲ್ಲಿ ತನ್ನ ಅಜ್ಜಿಯ ಮಾತನ್ನು ಬೆಪ್ಪನ ಬಾಯಲ್ಲಿ ಕೇಳಿದ ಮಗು ಏನು ತಿಳಿಯುವದು? ನಗತಕ್ಕ ಕನ್ನಡ ಬೆಂಗಳೂರಿನದು, ನಗೆಗೀಡಾಗತಕ್ಕ ಕನ್ನಡ ನಮ್ಮದು ಎಂದು ತಿಳಿಯುವದು. ಪರಿಣಾಮವಾಗಿ ಮನೆಯಲ್ಲಿಯೂ ಬಾಯಿ ಬಿಗಿದುಕೊಳ್ಳುವದು. ಪರರಿಗೆ ಇದು ಸೂಕ್ಷ್ಮ ಸಂಗತಿ. ನಮಗೆ ಅಳಿವು ಉಳಿವಿನ ಪ್ರಶ್ನೆ. ಗಂಗಾವತಿ ಪ್ರಾಣೇಶರು ಬೀಚಿಯವರ ವಿನೋದವನ್ನು ಉತ್ತರದ ಮಾತಿನಲ್ಲಿ ಊರೂರಿಗೆ ಒಯ್ದು, ಈ ಮಾತಿಗೆ ಪರರನ್ನು ನಗಿಸುವ ಅಧಿಕಾರವನ್ನು ಸಂಪಾದಿಸಿಕೊಟ್ಟದ್ದು ಇದಕ್ಕೆ ಒಂದು ಪರಿಹಾರ. ಅಲ್ಲಿ ಮಾತನಾಡುವವನು ಜಾಣ. ಬೆಪ್ಪಾಗುವವರು ಕೇಳುವ ನಾವು. ಆಡಿಸಿಕೊಳ್ಳುವ ಸ್ಥಾನದಿಂದ ಆಡುವ ಸ್ಥಾನಕ್ಕೆ ನಮ್ಮ ಮಾತು ಏರಿತು.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಇಂದಿನ ಹುಡುಗರು ಈ ಕೃತಿಗಳನ್ನು ನೋಡುವದೇ ಇಲ್ಲ, ಅರ್ಧ ನಿಮಿಷದ ತುಣುಕುಗಳನ್ನು ನೋಡುತ್ತಾರೆ, ಇದನ್ನು ಕೃತಿಯ ಚಿರಂತನತೆಯೆಂದು ಹೇಗೆ ಹೇಳುವಿರಿ ಎಂಬದು ಆ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ತಾಣಪ್ಪನ ಕಂತನ್ನು ತುಣುಕು ಮಾಡಿದರೆ ವಾಚಾಳಿ ಉಳಿದಾನು, ದೊಡ್ಡ ಮನುಷ್ಯ ಹೋದಾನು. ಕಟ್ಟಡದ ಇಟ್ಟಿಗೆಯನ್ನು ತೋರಿಸಿ ಮನೆಯೆನ್ನಲಾಗದು. ಆದರೆ ಗಾದೆ, ಒಗಟು, ವಚನದ ಒಂದು ಸಾಲು, ಇವೂ ತುಣುಕುಗಳಾಗಿಯೇ ತಲೆಮಾರನ್ನು ದಾಟುತ್ತವೆ. ಆಸಕ್ತಿ ಹುಟ್ಟಿದವನು ಮುಂದೆ ಇಡಿಯದನ್ನು ಹುಡುಕಿಕೊಂಡು ಹೋಗುವನು. ತುಣುಕನ್ನು ನೋಡಿ ನಕ್ಕ ಮಗುವನ್ನು ಹಿಡಿದು ಕೂಡ್ರಿಸಿ ಇಡಿಯ ಕಂತನ್ನು ತೋರಿಸುವದು ಹಿರಿಯರ ಕೆಲಸ. ಆ ಕೆಲಸವನ್ನು ನಾವು ಮಾಡದೆ ಮಕ್ಕಳನ್ನು ದೂರುವದು ನ್ಯಾಯವಲ್ಲ.

ಹಾಗಾದರೆ ನಮಗೆ ಈ ಹಳೆಯ ನಗೆಗಳಿಂದ ಕಲಿಯತಕ್ಕದ್ದೇನು? ಮೊದಲ ಪ್ರಸಾರ ಮುಗಿದ ಮೇಲೂ ಬದುಕಿದವುಗಳೆಲ್ಲ ಒಂದೊಂದು ಮನೆಯ ಮಾತಿಗೆ ನಿಷ್ಠವಾದವು. ಕೈಲಾಸಂ ಅವರ ಕಾಲದ ಬೆಂಗಳೂರಿನವರು ಇಂಗ್ಲಿಷು ಬೆರೆತ ಕನ್ನಡವನ್ನಾಡುತ್ತಿದ್ದರು. ಪಂಡಿತರು ಅದನ್ನು ಕಲಬೆರಕೆಯೆಂದು ಹಳಿದರು. ಕೈಲಾಸಂ ಅದರಿಂದ ಸಾಹಿತ್ಯವನ್ನು ಮಾಡಿದರು. ಮರಾಠಿಗರು ಚಿ. ವಿ. ಜೋಶಿಯವರ ಚಿಮಣರಾವ, ಗುಂಡ್ಯಾಭಾವೂ ಎಂಬ ಜೋಡಿಯನ್ನು ಪುಸ್ತಕದಿಂದ ಎತ್ತಿ, ಎಪ್ಪತ್ತರ ದಶಕದಲ್ಲಿಯೇ ಮುಂಬಯಿ ದೂರದರ್ಶನಕ್ಕೆ ತಂದರು. ಗಡಿಯ ಕನ್ನಡ ಮನೆ ಮಾತ್ರ ಇದುವರೆಗೆ ಯಾವ ಪ್ರಹಸನದಲ್ಲಿಯೂ ನೆಟ್ಟಗೆ ನಿಂತಿಲ್ಲ. ಸಾಮಗ್ರಿಗೆ ಕೊರತೆಯೇ? ನಮ್ಮ ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ; ನೆರೆಮನೆಯ ಮರಾಠಿಯಲ್ಲಿ 'ಆಯಿ' ಎಂದರೆ ಹೆತ್ತವಳು. ನಮ್ಮ 'ತಾಯಿ' ಹೆತ್ತವಳು. ಅವರ 'ತಾಯಿ' ಅಕ್ಕ. ಆಯಿಗೆ ಜಡ್ಡಾಗಿದೆಯೆಂದು ಹುಡುಗನೊಬ್ಬ ರಜೆ ಕೇಳಿದರೆ ಮರಾಠೀ ಮಾಸ್ತರರು ಯಾರಿಗಾಗಿ ಮರುಗಬೇಕು, ತಾಯಿಯನ್ನು ಕರೆದುಕೊಂಡು ಬಾ ಎಂದರೆ ಯಾರು ಬರಬೇಕು? ದೇವಲರಂಥವರ ಕೈಯಲ್ಲಿ ಈ ಎರಡು ಶಬ್ದಗಳಿಂದಲೇ ಮೂರಂಕದ ಸಂಶಯಕಲ್ಲೋಳ ಹುಟ್ಟೀತು. ಖರೇ, ಬರೋಬರಿ, ಗಡಬಡಿ, ಫಕ್ತ ಎಂದು ಎರಡೂ ದಡಗಳ ನೀರು ಕುಡಿದ ನಮ್ಮ ಮಾತು ಕಲಬೆರಕೆಯಲ್ಲ. ಕೈಲಾಸಂ ಒಬ್ಬರಿಗಾಗಿ ಕಾದು ಕುಳಿತ ಭಾಷೆ.

ಆದುದರಿಂದ ಕನ್ನಡ ಸಂಘಗಳ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟೆ. ಬರುವ ರಾಜ್ಯೋತ್ಸವಕ್ಕೆ ದೂರದ ಊರಿನಿಂದ ಭಾಷಣಕಾರರನ್ನು ಕರೆಸುವದರ ಜೊತೆಗೆ, ನಮ್ಮ ಮಕ್ಕಳ ಕೈಯಿಂದ ಕಾಲು ಗಂಟೆಯ ಒಂದು ಪ್ರಹಸನವನ್ನು, ನಮ್ಮ ಮನೆಯ ಮಾತಿನಲ್ಲಿಯೇ ಆಡಿಸಬೇಕು. ಅದರಲ್ಲಿ ಅಜ್ಜಿಯ ಕನ್ನಡವನ್ನು ಆಡುವವಳು ಬೆಪ್ಪಳಾಗಿರಕೂಡದು, ಎಲ್ಲರಿಗಿಂತ ಜಾಣಳಾಗಿರಬೇಕು. ಪಾರಿಜಾತದ ಸವಾಲು ಜವಾಬುಗಳ ಸೊಗಸನ್ನು ಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಬೇಕು. ಆಟ ಒರಟಾಗಿದ್ದೀತು, ಚಿಂತೆಯಿಲ್ಲ. ನಮ್ಮ ಮಕ್ಕಳು ಪರರ ಮನೆಯ ನಗೆಯನ್ನು ಪ್ರೀತಿಯಿಂದ ಕಾಪಾಡಿಕೊಂಡಿದ್ದಾರೆ. ಅವರು ಕಾಪಾಡಲು ತಕ್ಕ ನಮ್ಮ ಮನೆಯ ನಗೆಯೊಂದನ್ನು ಕಟ್ಟಿಕೊಡುವ ಹೊಣೆ ನಮ್ಮ ಮೇಲಿದೆ.